ಲುಪ್ತೋಪಮೆ

ಒಂಬತ್ತನೇ ತರಗತಿ, ಊಟದ ನಂತರದ ಪೀರಿಯಡ್ಡು.
ಕಪ್ಪು ಹಲಗೆಯ ಮೇಲೆ ನಾನೊಂದು ಬೆಟ್ಟ ಬರೆದೆ.
ಎಡಗಡೆ ಬುಡದಲ್ಲಿ ಆರಂಭ,
ಏರಿನಲ್ಲಿ ತೊಡಕು, ನೆತ್ತಿಯಲ್ಲಿ ಬಿಕ್ಕಟ್ಟು,
ಆಚೆ ಇಳಿಜಾರು, ಇಳಿದ ಮೇಲೆ ಮುಕ್ತಾಯ.
ಕಥೆಗಳೆಲ್ಲ ಹೀಗೇ, ಅಂದೆ.

ಮೈಸೂರಿನಲ್ಲಿ ಹುಟ್ಟಿದವನು ನಾನು.
ಹಲ್ಲುಜ್ಜುವಾಗ ಬಚ್ಚಲ ಕಿಂಡಿಯಲ್ಲಿ
ಚಾಮುಂಡಿ ಬೆಟ್ಟ ಕಾಣುತ್ತಿತ್ತು.
ಏನು ಬರೆಯಹೊರಟರೂ ಕೈ ಅದನ್ನೇ ಬರೆಯುತ್ತದೆ.

ಮೂರನೇ ಬೆಂಚಿನಿಂದ ಚೆಲುವಾಂಬ:
"ನಮ್ಮೂರಲ್ಲಿ ಬೆಟ್ಟಾನೇ ಇಲ್ವಲ್ಲ ಸಾ."
ಎಲ್ಲರೂ ನಕ್ಕರು, ನಾನೂ.
ಕಿಟಕಿಯಾಚೆ, ಮದ್ದೂರಿನ ದಿಕ್ಕಿಗೆ,
ಇಸ್ತ್ರಿ ಹಾಕಿದಂತೆ ಗದ್ದೆ.

ಸರಿ, ಆ 'ಅಂತೆ'ಯನ್ನೇ ಹಿಡಿದು ಅಲಂಕಾರಕ್ಕೆ ಬಂದೆ.
ಉಪಮೇಯ, ಉಪಮಾನ, ವಾಚಕ ಪದ, ಸಮಾನ ಧರ್ಮ.
ನಾಲ್ಕೂ ಇದ್ದರೆ ಪೂರ್ಣ, ನಾಲ್ಕು ಕಾಲಿನ ಮಂಚ.
ಒಂದು ಬಿಟ್ಟುಹೋದರೆ ಲುಪ್ತ.
"ಮೂರು ಕಾಲಿನ ಮಂಚದಲ್ಲಿ ಮಲಗಬೋದಾ ಸಾ?"
ಕೊನೇ ಬೆಂಚಿನ ಸಿದ್ದಪ್ಪಾಜಿ.
ಇಟ್ಟಿಗೆ ಇಟ್ಟುಕೊಂಡರೆ ಮಲಗಬಹುದಪ್ಪ.
ಪರೀಕ್ಷೆಗೆ ಅಷ್ಟು ಸಾಕು.

ಪ್ರಬಂಧ ಕೊಟ್ಟೆ: 'ನಮ್ಮೂರ ನಾಲೆ'.
ಪೀಠಿಕೆ, ವಿಷಯ ವಿವರಣೆ, ಉಪಸಂಹಾರ.
ಮೊದಲು ಕರಡು ಬರೆಯಿರಿ, ಹೊಡೆದುಹಾಕಿ,
ಮತ್ತೆ ಬರೆಯಿರಿ. ಗೈಡು ಮುಟ್ಟಬೇಡಿ.

ಶನಿವಾರ ರಾತ್ರಿ ನಲವತ್ತೊಂದು ಪ್ರಬಂಧ ತಿದ್ದಲು ಕೂತೆ.
ಮೂವತ್ತೆಂಟರಲ್ಲಿ ನಾಲೆ ನಮ್ಮ 'ಜೀವಜಾಲ'.
ಒಂದೇ ಗೈಡು, ಒಂದೇ ಪುಟ,
ಅಚ್ಚಿನ ತಪ್ಪೂ ಮೊಳೆ ಹೊಡೆದ ಹಾಗೆ ಅಲ್ಲಲ್ಲೇ.

ಚೆಲುವಾಂಬಳದಕ್ಕೆ ಪೀಠಿಕೆಯೇ ಇಲ್ಲ.

"ಈ ವಾರ ಕಟ್ಟು ನೀರು ಎಡದಂಡೆಗೆ.
ಬಲದಂಡೆಗೆ ಬುಧವಾರ.
ನಮ್ಮಪ್ಪ ನೀರುಗಂಟಿ.
ತೂಬಿನ ಬೀಗದ ಕೈ ಅಪ್ಪನ ಉಡಿದಾರದಲ್ಲಿ ಇರುತ್ತದೆ.
ಗುರುವಾರ ರಾತ್ರಿ ಯಾರೋ ತೂಬು ಎತ್ತಿದ್ದರು.
ಬೀಗ ಒಡೆದಿರಲಿಲ್ಲ.
ಬೆಳಿಗ್ಗೆ ನೋಡಿದರೆ ಬಲದಂಡೆಯಲ್ಲಿ
ಜವರಮ್ಮಜ್ಜಿಯ ಸಸಿಮಡಿ ಒಂದೇ ತುಂಬಿತ್ತು.
ಊರವರು ಬಂದು ಕೂಗಾಡಿದರು.
ಅಪ್ಪ ಉಡಿದಾರ ಮುಟ್ಟಿ ನೋಡಿಕೊಂಡಿತು.
ಮಧ್ಯಾಹ್ನ ಮುದ್ದೆ ಮುರಿಯುತ್ತಾ ನನ್ನ ಕಡೆ ನೋಡಿತು.
ಬದುವಿನ ಮೇಲೆ ಟಾರ್ಚು ನಡೆದ ಹಾಗೆ."

ಅಷ್ಟೇ. ಕೆಳಗೆ ಅರ್ಧ ಹಾಳೆ ಖಾಲಿ.

ಕೆಂಪು ಪೆನ್ನಿನಲ್ಲಿ ಬರೆದೆ:
ಪೀಠಿಕೆ ಇಲ್ಲ. ಉಪಸಂಹಾರ ಇಲ್ಲ.
ಟಾರ್ಚು ನಡೆದ ಹಾಗೆ, ಏನು? ಉಪಮೇಯ ಎಲ್ಲಿ?
ಹತ್ತಕ್ಕೆ ನಾಲ್ಕು.
ಲೋಟದ ಕಾಫಿ ಆರಿ ಕೆನೆಗಟ್ಟಿತ್ತು.
ಉಳಿದೆರಡು ಪ್ರಬಂಧ ಯಾರವು, ಏನು, ನೆನಪಿಲ್ಲ.

ಸೋಮವಾರ ಕರೆದು ಕೇಳಿದೆ, ಮುಗಿಸಲಿಲ್ಲ ಯಾಕೆ?
"ಇನ್ನೂ ಮುಗ್ದಿಲ್ಲ ಸಾ.
ಬಲದಂಡೆಗೆ ನೀರು ಬರೋದು ಬುಧವಾರ.
ಆಮೇಕೆ ಗೊತ್ತಾಯ್ತದೆ."

ತೂಬು ಎತ್ತಿದ್ದು ಯಾರು?

ಅವಳು ಮೇಜಿನ ಮೇಲಿದ್ದ
ಬೀರುವಿನ ಬೀಗದ ಕೈ ನೋಡಿದಳು,
ಆಮೇಲೆ ನನ್ನ ಮುಖ.
"ಅದ್ ಬರದ್ರೆ ಕಥೆ ಆಗೋಯ್ತದೆ ಸಾ.
ನೀವ್ ಕೊಟ್ಟಿದ್ದು ಪ್ರಬಂಧ."

ಹಲಗೆಯ ಮೇಲೆ ನನ್ನ ಬೆಟ್ಟ ಹಾಗೇ ಇತ್ತು.
ಅದರ ಬುಡಕ್ಕೆ ಯಾರೋ
ಉದ್ದಕ್ಕೊಂದು ಗೆರೆ ಎಳೆದು, ನಡುವೆ ಅಡ್ಡಕ್ಕೊಂದು ಚಿಕ್ಕದು,
ತೂಬೋ, ತಪ್ಪಿ ಬಿದ್ದ ಸೀಮೆಸುಣ್ಣವೋ.
ಬೆಟ್ಟ ಒರೆಸಿದೆ. ಗೆರೆ ಬಿಟ್ಟೆ.

ಸಂಜೆ ಏಳೂಕಾಲರ ಬಸ್ಸು ತಡ.
ಆಲದ ಕೆಳಗೆ ನಿಂತು ನೋಡುತ್ತಿದ್ದೆ.
ದೂರದ ಬದುವಿನ ಮೇಲೆ ಒಂದು ಟಾರ್ಚು ಬಂತು.
ನೀರಿನ ಮೇಲೆ ಬೆಳಕು ಬಿಟ್ಟಿತು, ತೆಗೆಯಿತು,
ಒಂದು ಮಡಿಯ ಹತ್ತಿರ ಬಹಳ ಹೊತ್ತು ನಿಂತಿತು,
ಏನನ್ನೂ ಕೇಳದೆ ಮುಂದೆ ಹೋಯಿತು.

ಚೀಲದಿಂದ ಅವಳ ಹಾಳೆ ತೆಗೆದೆ.
ಮೊಬೈಲಿನ ಬೆಳಕಿನಲ್ಲಿ, ಮೊಣಕಾಲ ಮೇಲೆ ಇಟ್ಟು,
'ಉಪಮೇಯ ಎಲ್ಲಿ?' ಎಂಬುದನ್ನು
ಕೆಂಪಿನಲ್ಲೇ ಹೊಡೆದುಹಾಕಿದೆ.
ನಾಲ್ಕನ್ನು ಏನು ಮಾಡುವುದೋ ತಿಳಿಯಲಿಲ್ಲ.

ಬಸ್ಸು ಬಂತು.
ಬುಧವಾರ ಇನ್ನೂ ಎರಡು ದಿನ.